ಕಸಬಾ ಪೇಠೆಯ ಓದುಮನೆ: ಖಾಲಿ ಜಾಗವನ್ನು ಮೊದಲು ಬಿಡಿಸುವುದು ಹೇಗೆ?

ಗದಗಿನವಳು

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಆರ್ಕಿಟೆಕ್ಚರ್ ಮೂರನೇ ವರ್ಷ ಓದುತ್ತಿದ್ದೇನೆ. ಈ ಸಲದ ಡಿಸೈನ್ ಪ್ರಾಜೆಕ್ಟಿಗೆ ಕಸಬಾ ಪೇಠೆಯಲ್ಲಿ ಒಂದು ಕನ್ನಡ ಓದುಮನೆ ತೆಗೆದುಕೊಂಡಿದ್ದೇನೆ. ಹಗಲು ಪೇಪರು, ಪುಸ್ತಕ. ಸಂಜೆ ಗಮಕಕ್ಕೋ ಭಾಷಣಕ್ಕೋ ಒಂದು ಸಣ್ಣ ಹಾಲ್. ಭಾನುವಾರ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಒಂದು ಕೋಣೆ. ಇಷ್ಟೇ.

ಸೈಟ್ ಹೀಗಿದೆ. ಹಳೆಯ ವಾಡೆ (ನಡುವೆ ಚೌಕ, ಅಂದರೆ ಅಂಗಳ, ಇರುವ ದೊಡ್ಡ ಮನೆ) ಬಿದ್ದುಹೋದ ಜಾಗ. ಪೂರ್ವಕ್ಕೆ ರಸ್ತೆ. ಅಗಲ 11 ಮೀಟರ್, ಒಳಕ್ಕೆ 21 ಮೀಟರ್. ಉತ್ತರಕ್ಕೂ ದಕ್ಷಿಣಕ್ಕೂ ಪಕ್ಕದವರ ಗೋಡೆ ಅಂಟಿಕೊಂಡಿದೆ. ಹಿಂದೆ ಕಿರಿದಾದ ಗಲ್ಲಿ. ಬೆಳಕು ಬರಬೇಕಾದರೆ ಮುಂದಿನಿಂದ, ಹಿಂದಿನಿಂದ, ಇಲ್ಲವೇ ಮೇಲಿನಿಂದ ಬರಬೇಕು.

ನನ್ನ ಮೊದಲ ಸ್ಕೀಮ್ ಒಂದು ಬಿಳಿ ಘನ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಕೊರೆದು ಖಾಲಿ ಮಾಡಿದ್ದೇನೆ. ಜ್ಯೂರಿಗೆ (ಪ್ರಾಜೆಕ್ಟ್ ನೋಡಿ ವಿಮರ್ಶೆ ಮಾಡಲು) ಬಂದಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರು ಮಾಡೆಲನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಫಾರ್ಮ್ (ಆಕಾರ) ಚೆನ್ನಾಗಿದೆ. ಈ ಖಾಲಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಏನಿರುತ್ತದೆ? ಬೆಳಕು ಎಲ್ಲಿ ಬೀಳುತ್ತದೆ? ಅಲ್ಲಿ ಕೂತವರಿಗೆ ಏನು ಕೇಳಿಸುತ್ತದೆ?"

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿದೆ. ಅದಕ್ಕೆ ಉತ್ತರ ಹುಡುಕುವುದೇ ಈಗ ನನ್ನ ಪ್ರಾಜೆಕ್ಟ್.

ನಮ್ಮೂರ ಹತ್ತಿರ ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಗೊತ್ತಿರುತ್ತದೆ. ಮೆಟ್ಟಿಲು ಇಳಿದಂತೆ ಬಿಸಿಲು ಮೇಲೆಯೇ ಉಳಿಯುತ್ತದೆ. ಗೋಡೆಯ ಸಣ್ಣ ಸಣ್ಣ ಗುಡಿಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ಅಲ್ಲಿ ಕಟ್ಟಿದ್ದಕ್ಕಿಂತ ತೋಡಿದ್ದೇ ಜಾಸ್ತಿ. ಆದರೂ ಅದು ಬರೀ ಗುಂಡಿ ಅನ್ನಿಸುವುದಿಲ್ಲ. ಒಂದು ಕೋಣೆಗೆ ಕಾಲಿಟ್ಟ ಹಾಗೆ ಇರುತ್ತದೆ. ಯಾಕೆ?

ನನ್ನ ಪ್ರಶ್ನೆ ಎರಡು. ಫಾರ್ಮ್ ಮೊದಲು ಮಾಡಿ ಅದರಲ್ಲಿ ವಾಯ್ಡ್ (ಖಾಲಿ ಜಾಗ) ಕೊರೆಯಬೇಕೋ, ವಾಯ್ಡ್ ಮೊದಲು ಇಟ್ಟು ಸುತ್ತ ಕಟ್ಟಬೇಕೋ? ಮತ್ತೆ, ಅಟ್ಮಾಸ್ಫಿಯರ್ ಅಂತಾರಲ್ಲ, ಒಳಗೆ ಹೋದ ತಕ್ಷಣ ಮನಸ್ಸಿಗೆ ತಟ್ಟುವ ಆ ವಾತಾವರಣ, ಅದನ್ನು ರೆಂಡರ್ (ಕಂಪ್ಯೂಟರಿನಲ್ಲಿ ಮಾಡುವ ಬಣ್ಣದ ಚಿತ್ರ) ಇಲ್ಲದೆ ಹೇಗೆ ಕೆಲಸ ಮಾಡಿ ತರುವುದು?

ಕೋಥ್ರೂಡ್ ಜಗುಲಿ

ಆ ಪ್ರಶ್ನೆ ಕೇಳಿದವರು ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ. ನಾನು ಇಲ್ಲೇ ಬಹಳ ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲಕ್ಕುಂಡಿ ದೂರ. ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ನಿಮ್ಮ ಸೈಟಿನಿಂದ ನಡೆದು ಹೋಗುವಷ್ಟು ಹತ್ತಿರ. ಟೇಪ್ ಹಿಡಿದುಕೊಂಡು ಹೋಗಿ. 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು. ನೆಲದ ಮಟ್ಟದಿಂದ ಕೆಳಗೆ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕಡಿದ ಗುಹಾದೇವಾಲಯ. ಕೆಲಸ ಪೂರ್ತಿ ಆಗಿಲ್ಲ. ಕಂಬಗಳು ಚೌಕ, ದಪ್ಪ, ಹೆಚ್ಚು ಕೆತ್ತನೆ ಇಲ್ಲ. ಎದುರಿನ ಅಂಗಳದಲ್ಲಿ ದುಂಡನೆಯ ನಂದಿ ಮಂಟಪ ಇದೆ. ಮೇಲೆ ಕೊಡೆ ಬಿಚ್ಚಿದಂಥ ಕಲ್ಲಿನ ಚಪ್ಪರ.

ಅಲ್ಲಿ ನಿಂತು ಒಂದು ವಿಷಯ ಯೋಚಿಸಿ. ಆ ಮಂಟಪವನ್ನು ಯಾರೂ ತಂದು ಇಟ್ಟದ್ದಲ್ಲ. ಸುತ್ತಲಿನ ಬಂಡೆ ತೆಗೆದರು, ಮಂಟಪ ಉಳಿಯಿತು. ಅಂದರೆ ಅಂಗಳ ಎಷ್ಟಗಲ, ಮಂಟಪಕ್ಕೂ ಗುಹೆಗೂ ನಡುವೆ ಎಷ್ಟು ಜಾಗ, ಇದೆಲ್ಲ ಮೊದಲ ಉಳಿ ಏಟು ಬೀಳುವ ಮುಂಚೆಯೇ ತೀರ್ಮಾನ ಆಗಿರಬೇಕು. ಒಮ್ಮೆ ತೆಗೆದ ಕಲ್ಲನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಸ್ಕೆಚ್‌ಅಪ್‌ನಲ್ಲಿ (ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವ ಸಾಫ್ಟ್‌ವೇರ್) ನಾವು ಕೊರೆಯುವ ವಾಯ್ಡಿಗೆ ಈ ಹೊಣೆ ಇರುವುದಿಲ್ಲ. ಅಂಡೂ ಒತ್ತಿದರೆ ಕಲ್ಲು ವಾಪಸ್ ಬರುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರ: ಖಾಲಿಯನ್ನು ಮೊದಲು ತೀರ್ಮಾನಿಸಿ. ಅದಕ್ಕೆ ಉದ್ದ, ಅಗಲ, ಎತ್ತರ, ಒಂದು ಕೆಲಸ ಕೊಡಿ. ಆಮೇಲೆ ಗೋಡೆ.

ಮಾಡುವ ಕ್ರಮ ಹೇಳುತ್ತೇನೆ. ಕಸಬಾ ಪೇಠೆಯ ನಕ್ಷೆ ತೆಗೆದುಕೊಂಡು ಕಟ್ಟಿದ್ದನ್ನೆಲ್ಲ ಕಪ್ಪು ಮಾಡಿ. ರಸ್ತೆ, ಬೋಳ (ಕಿರುಗಲ್ಲಿ), ವಾಡೆಯ ಚೌಕ, ದೇವಸ್ಥಾನದ ಅಂಗಳ ಬಿಳಿ ಬಿಡಿ. 1748ರಲ್ಲಿ ನೊಲ್ಲಿ ಅನ್ನುವ ನಕ್ಷೆಕಾರ ರೋಮ್ ನಗರದ ನಕ್ಷೆಯನ್ನು ಹೀಗೆಯೇ ಮಾಡಿದ. ಚರ್ಚುಗಳ ಒಳಭಾಗವನ್ನೂ ಬೀದಿಯ ಹಾಗೆ ಬಿಳಿ ಬಿಟ್ಟ. ಜನ ಸುಮ್ನೆ ಒಳಗೆ ಹೋಗಿ ಬರಬಹುದಾದ ಜಾಗ ಎಲ್ಲೆಲ್ಲಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಿಮ್ಮ ಓದುಮನೆಯ ಅಂಗಳ ಆ ಬಿಳಿಗೆ ಸೇರುತ್ತದೋ ಇಲ್ಲವೋ ಅಲ್ಲಿ ತೀರ್ಮಾನ ಮಾಡಿ.

ಆಮೇಲೆ ಪ್ಲಾನ್ (ಮೇಲಿನಿಂದ ನೋಡಿದ ನಕ್ಷೆ) ಬದಿಗಿಡಿ, 1:50ರಲ್ಲಿ ಸೆಕ್ಷನ್ (ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿ ನೋಡಿದ ನಕ್ಷೆ) ಬಿಡಿಸಿ. ಪ್ಲಾನಿನಲ್ಲಿ ಖಾಲಿಗೆ ಅಗಲ ಇರುತ್ತದೆ, ಎತ್ತರ ಇರುವುದಿಲ್ಲ. ಬಿಸಿಲು, ಗಾಳಿ, ದನಿ ಎಲ್ಲ ಎತ್ತರದ ಲೆಕ್ಕ. ಸೆಕ್ಷನ್ನಿನಲ್ಲಿ ಕೂತ ಮನುಷ್ಯನನ್ನು ಬಿಡಿಸುವುದು ಮರೆಯಬೇಡಿ. ಓದುಮನೆ ಅಲ್ವಾ, ನಿಂತವರಿಗಿಂತ ಕೂತವರೇ ಜಾಸ್ತಿ.

ವಿಜಾಪುರ ಕಾಂಟ್ರಾಕ್ಟರ್

ಮೇಲಿನ ಸರ್ ಹೇಳಿದ್ದು ಚೆನ್ನಾಗಿದೆ. ಆದರೆ ನನಗೊಂದು ಅನುಮಾನ, ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. 11 ಮೀಟರ್ ಅಗಲದ ಸೈಟು. ಓದುವವರಿಗೆ ಕುರ್ಚಿ ಬೇಕು, ಪುಸ್ತಕಕ್ಕೆ ಕಪಾಟು ಬೇಕು, ಟಾಯ್ಲೆಟ್ ಬೇಕು, ಮೆಟ್ಟಿಲು ಬೇಕು. ಅದರಲ್ಲಿ ಖಾಲಿ ಬಿಡಿ, ವಾತಾವರಣ ತನ್ನಿ ಅಂದರೆ ಜಾಗ ಎಲ್ಲಿದೆ? ಇಲ್ಲಿ ಒಂದೊಂದು ಚದರ ಅಡಿಗೂ ಬೆಲೆ ಇದೆ. ಖಾಲಿ ಬಿಟ್ಟದ್ದೂ ಪುಕ್ಕಟೆ ಅಲ್ಲ. ಅದರ ನಾಲ್ಕು ಗೋಡೆಗೆ ಪ್ಲಾಸ್ಟರ್, ಬಣ್ಣ, ಕೆಳಗೆ ಫರಸಿ, ನೀರು ಹೋಗುವ ದಾರಿ, ಎಲ್ಲಕ್ಕೂ ದುಡ್ಡು.

ನೀರಿನ ಲೆಕ್ಕ ಯಾರೂ ಹಾಕುವುದಿಲ್ಲ, ಅದಕ್ಕೇ ಹೇಳುತ್ತೇನೆ. ಸುತ್ತಲಿನ ಮಾಡಿನಿಂದ 100 ಚದರ ಮೀಟರಿನ ನೀರು ಅಂಗಳಕ್ಕೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 50 ಮಿಲಿಮೀಟರ್ ಮಳೆ ಬಂದರೆ 5,000 ಲೀಟರ್. ಒಂದು ಟ್ಯಾಂಕರಿನ ನೀರು ಒಂದು ಗಂಟೆಯಲ್ಲಿ ನಿಮ್ಮ ಅಂಗಳದಲ್ಲಿ. ಅದು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಡ್ರಾಯಿಂಗಿನಲ್ಲಿ ತೋರಿಸಿ.

ಕೋಥ್ರೂಡ್ ಜಗುಲಿ

ನೀರಿನ ಮಾತು ನೂರಕ್ಕೆ ನೂರು ಸರಿ. ಜಾಗದ ಮಾತು ಒಪ್ಪುವುದಿಲ್ಲ. ಈ ಸೈಟಿನ ಆಳ 21 ಮೀಟರ್. ಕಿಟಕಿಯ ಮೇಲಂಚು ನೆಲದಿಂದ 3 ಮೀಟರ್ ಇದ್ದರೆ ಓದಲು ಸಾಕಾಗುವ ಬೆಳಕು ಅದರ ಎರಡು, ಎರಡೂವರೆ ಪಟ್ಟು ಒಳಗೆ ಬರುತ್ತದೆ, ಅಂದರೆ 6ರಿಂದ 7.5 ಮೀಟರ್. ಮುಂದಿನಿಂದ 7, ಹಿಂದಿನಿಂದ 7. ನಡುವಿನ 7 ಮೀಟರಿನಲ್ಲಿ ಹಗಲು ಹನ್ನೆರಡಕ್ಕೂ ದೀಪ ಉರಿಸಬೇಕು. ಆ ಜಾಗ ಹೇಗೂ ಕತ್ತಲೆಯದು. ಅಲ್ಲಿ ಅಂಗಳ ತೆಗೆದರೆ ನೀವು ಕಳೆದುಕೊಳ್ಳುವುದು ಕತ್ತಲೆಯ ಕೋಣೆ. ಸಿಗುವುದು ಎರಡು ಬೆಳಕಿನ ಕೋಣೆ. ವಾಡೆ ಕಟ್ಟಿದವರು ಚೌಕ ಇಟ್ಟದ್ದು ಚಂದಕ್ಕೆ ಮಾತ್ರ ಅಲ್ಲ.

ವಾಡೆಯ ಸೊಸೆ

ನಾನು ಇಂಜಿನಿಯರೂ ಅಲ್ಲ, ಆರ್ಕಿಟೆಕ್ಟೂ ಅಲ್ಲ. ಧಾರವಾಡದಿಂದ ಮದುವೆಯಾಗಿ ಸದಾಶಿವ ಪೇಠೆಯ ಒಂದು ವಾಡೆಗೆ ಬಂದವಳು. ಮಗಳೇ, ನಿನ್ನ ಪೋಸ್ಟ್ ಓದಿ ಬಹಳ ಖುಷಿಯಾಯಿತು, ಬರೆಯದೆ ಇರಲು ಆಗಲಿಲ್ಲ.

ದೊಡ್ಡ ಬಾಗಿಲು ಹಬ್ಬಕ್ಕೆ, ಮದುವೆಗೆ ಮಾತ್ರ ತೆರೆಯುತ್ತಿತ್ತು. ದಿನಾ ಓಡಾಡುವುದು ಅದರಲ್ಲೇ ಇರುವ ದಿಂಡಿ ಬಾಗಿಲಿನಿಂದ. ತಲೆ ಬಗ್ಗಿಸಬೇಕು, ಕಾಲು ಎತ್ತಿಡಬೇಕು. ದಾಟಿದರೆ ದೇವಡಿ (ಬಾಗಿಲ ಹಿಂದಿನ ಮುಚ್ಚಿದ ಜಾಗ), ಅಲ್ಲಿ ಕತ್ತಲೆ. ಅದೂ ದಾಟಿದರೆ ಚೌಕ. ಆ ಕತ್ತಲೆಯಿಂದ ಬಂದದ್ದಕ್ಕೇ ಚೌಕದ ಬೆಳಕು ಅಷ್ಟು ದೊಡ್ಡದು ಅನ್ನಿಸುತ್ತಿತ್ತು. ಚೌಕ ಏನೂ ದೊಡ್ಡದಲ್ಲ. ಸುತ್ತ ಓಸರಿ, ನಮ್ಮ ಕಡೆಯ ಪಡಸಾಲೆ ಇದ್ದ ಹಾಗೆ. ಓಸರಿಯ ಕಲ್ಲಂಚು ಕೂತು ಕೂತು, ಕೊಡ ಇಟ್ಟು ಇಟ್ಟು ಸವೆದು ನುಣುಪಾಗಿತ್ತು. ಬೇಸಿಗೆಯಲ್ಲಿ ಹಪ್ಪಳ ಒಣಗಿಸುವುದು ಅಲ್ಲೇ. ಬಿಸಿಲು ಸರಿದಂತೆ ಚಾಪೆಯನ್ನೂ ಸರಿಸುತ್ತಾ ಹೋಗುವುದು. ಡಿಸೆಂಬರಿನಲ್ಲಿ ಮಾತ್ರ ಚೌಕದ ನೆಲಕ್ಕೆ ಬಿಸಿಲೇ ಇಳಿಯುತ್ತಿರಲಿಲ್ಲ. ಮಾಳಿಗೆಗೆ ಹೋಗಬೇಕಾಗುತ್ತಿತ್ತು.

ಆದರೆ ಬರೀ ಚಂದ ಹೇಳಿದರೆ ಅರ್ಧ ಸತ್ಯ ಆಗುತ್ತದೆ. ಬಾಡಿಗೆಯವರು ತುಂಬಿದ್ದರು. ಎಲ್ಲರಿಗೂ ಚೌಕದಲ್ಲಿ ಒಂದೇ ನಲ್ಲಿ. ಯಾರ ಮನೆಯಲ್ಲಿ ಯಾರು ಅತ್ತರು, ಯಾರ ಮನೆಗೆ ಯಾರು ಬಂದರು ಎಲ್ಲ ಎಲ್ಲರಿಗೂ ಗೊತ್ತು. ಹೊಸ ಸೊಸೆಗೆ ಚೌಕ ದಾಟುವುದು ಅಂದರೆ ನಾಲ್ಕು ಕಡೆಯ ಕಣ್ಣು ದಾಟುವುದು. 1947ರ ಬಾಡಿಗೆ ಕಾನೂನಿನಿಂದ ಬಾಡಿಗೆ ಏರಲಿಲ್ಲ. ಮಾಲೀಕರಿಗೆ ರಿಪೇರಿಗೆ ದುಡ್ಡಿಲ್ಲ, ಮನಸ್ಸೂ ಇಲ್ಲ. ತೊಲೆ ಹುಳ ತಿಂದು ಒಂದೊಂದೇ ಕಡೆ ಕುಸಿಯಿತು. ಪಾನಶೆತ್ ಅಣೆಕಟ್ಟು ಒಡೆದ 1961ರ ಮಹಾಪೂರದಲ್ಲಿ ನದಿ ದಂಡೆಯ ಎಷ್ಟೋ ವಾಡೆಗಳು ಹೋಗಿದ್ದವು. ಉಳಿದವು ಹೀಗೆ ಹೋದವು.

ನಿನಗೆ ನಾನು ಹೇಳುವುದು ಒಂದೇ. ಅಂಗಳ ಮಾಡು. ಆದರೆ ಅಂಗಳವನ್ನು ನೋಡುತ್ತಾ, ತಾನು ಯಾರಿಗೂ ಕಾಣದೆ ಕೂತು ಓದುವ ಒಂದು ಮೂಲೆಯನ್ನೂ ಮಾಡು. ನನಗೆ ಅಲ್ಲಿ ಅದು ಸಿಗಲಿಲ್ಲ.

ಗದಗಿನವಳು

ಅಮ್ಮಾ, ನಿಮ್ಮ ಕೊನೆಯ ಮಾತನ್ನು ಬರೆದು ಡ್ರಾಯಿಂಗ್ ಬೋರ್ಡಿನ ಮೇಲೆ ಅಂಟಿಸಿದ್ದೇನೆ. ನಿಜವಾಗಿಯೂ. ಅಂಗಳದ ಪಕ್ಕದ ಗೋಡೆಯನ್ನು 900 ಮಿಲಿಮೀಟರ್ ದಪ್ಪ ಮಾಡಿ ಅದರೊಳಗೆ ಒಬ್ಬರು ಕೂರುವ ಗೂಡು ಬಿಡಿಸುತ್ತಿದ್ದೇನೆ. ಎದುರಿಗೆ ಮರದ ಜಾಲಂಧ್ರ.

ಡಿಸೆಂಬರಿನ ಬಿಸಿಲಿನ ಮಾತು ಓದಿ ಲೆಕ್ಕಕ್ಕೆ ಕೂತೆ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರದಲ್ಲಿ. ಅಂಗಳ ಉತ್ತರ–ದಕ್ಷಿಣ 5 ಮೀಟರ್, ಪೂರ್ವ–ಪಶ್ಚಿಮ 4 ಮೀಟರ್, ಸುತ್ತ ಗೋಡೆ 7.5 ಮೀಟರ್ ಎತ್ತರ ಅಂತ ಇಟ್ಟುಕೊಂಡೆ. ಬಂದದ್ದು ಹೀಗೆ.

ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ 48 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಿಸಿಲು ಉತ್ತರದ ಗೋಡೆಯ ಮೇಲೆ ಬೀಳುತ್ತದೆ, ನೆಲದಿಂದ 2 ಮೀಟರ್ ಮೇಲೆಯೇ ನಿಂತುಬಿಡುತ್ತದೆ. ಮಾರ್ಚ್ 21ಕ್ಕೆ ಸೂರ್ಯ 71.5 ಡಿಗ್ರಿ. ಅಂಗಳದ ಅರ್ಧ ನೆಲಕ್ಕೆ ಬಿಸಿಲು, ಅರ್ಧಕ್ಕೆ ನೆರಳು. ಮೇ ಮಧ್ಯದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಇಡೀ ನೆಲ ಕಾಯುತ್ತದೆ, ಕಂಬದ ನೆರಳು ಕಂಬದ ಬುಡದಲ್ಲೇ. ಜುಲೈ ಕೊನೆಗೆ ಮತ್ತೊಮ್ಮೆ ಹಾಗೆ ಆಗುತ್ತದೆ, ಆದರೆ ಆಗ ಮೋಡ.

ಒಂದು ಸಣ್ಣ ವಿಷಯ ಈ ಲೆಕ್ಕದಲ್ಲಿ ಗೊತ್ತಾಯಿತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಪುಣೆ ಅದಕ್ಕಿಂತ ಪಶ್ಚಿಮಕ್ಕಿದೆ. ಅದಕ್ಕೆ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು ಹನ್ನೆರಡೂವರೆಗೆ. ಜ್ಯೂರಿಯ ಪ್ರಶ್ನೆಯ ಮೂರು ಗಂಟೆ ಅಂದರೆ ಸೂರ್ಯನ ಲೆಕ್ಕದಲ್ಲಿ ಎರಡೂಕಾಲು, ಎರಡೂವರೆ. ಮಾರ್ಚಿನಲ್ಲಿ ಆ ಹೊತ್ತಿಗೆ ಅಂಗಳದ ನೆಲ ಪೂರ್ತಿ ನೆರಳಲ್ಲಿರುತ್ತದೆ. ಬಿಸಿಲು ಮುಖ್ಯವಾಗಿ ರಸ್ತೆ ಕಡೆಯ ಬ್ಲಾಕಿನ ಒಳಗೋಡೆಗೆ, ನೆಲದಿಂದ ಸುಮಾರು 2 ಮೀಟರ್ ಬಿಟ್ಟು ಅದರ ಮೇಲಕ್ಕೆ, ಬೀಳುತ್ತದೆ.

ಹಾಗಾದರೆ ಆ ಗೋಡೆಯೇ ಓದುಮನೆಯ ದೀಪ. ಅದನ್ನು ಖಾಲಿ ಬಿಟ್ಟು ಸುಣ್ಣ ಬಳಿಯುತ್ತೇನೆ. ಕಿಟಕಿ ಎಲ್ಲ ಅದರ ಕೆಳಗೆ. ನನ್ನ ಓರೆ ವಾಯ್ಡ್ ಹೋಯಿತು, ಬೇಜಾರೇನೂ ಇಲ್ಲ.

ಠಾಣೆಯಿಂದ

ಸೊಗಸಾದ ಚರ್ಚೆ. ಒಂದು ಎಚ್ಚರಿಕೆ, ಮುಂಬೈ ಕಡೆಯಿಂದ. ಪುಣೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ 2,000 ದಾಟುತ್ತದೆ. ಇದೇ ಅಂಗಳವನ್ನು ಇಲ್ಲಿಗೆ ತಂದರೆ ನಾಲ್ಕು ತಿಂಗಳು ಪಾಚಿ. ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಮುಂಬೈಯ ಕಾಂಚನಜುಂಗಾ ಅಪಾರ್ಟ್‌ಮೆಂಟ್ ಕಟ್ಟಿದಾಗ ಅಂಗಳವನ್ನು ಕಟ್ಟಡದ ಮೂಲೆಗೆ ಒಯ್ದರು. ಎರಡು ಅಂತಸ್ತಿನ ಎತ್ತರದ ತೆರೆದ ಟೆರೇಸ್. ಮಳೆ, ಬಿಸಿಲು ನೇರವಾಗಿ ಕೋಣೆಗೆ ಬರದೆ ಅಲ್ಲಿ ನಿಲ್ಲುತ್ತದೆ. 28 ಅಂತಸ್ತಿನ ಕಟ್ಟಡದಲ್ಲಿ ದೂರದಿಂದ ಕಣ್ಣಿಗೆ ಬೀಳುವುದೇ ಆ ಕತ್ತರಿಸಿದ ಮೂಲೆಗಳು. ಹವೆಗೆ ತಕ್ಕ ಖಾಲಿ. ನೀವು ಪುಣೆಗೆ ಮಾಡುತ್ತಿರುವುದು ಪುಣೆಗೇ ಸರಿ.

ಅಂದ ಹಾಗೆ, ಕನ್ನಡ ಓದುಮನೆ ಅಂದಮೇಲೆ ಹೊರಗಿನಿಂದ ಕನ್ನಡದ್ದು ಅಂತ ಗೊತ್ತಾಗಬೇಕಲ್ವಾ? ಮುಂದೆ ಚಾಲುಕ್ಯ ಶೈಲಿಯ ಒಂದು ತೋರಣ ಬಾಗಿಲು ಹಾಕಬಹುದೇನೋ.

ಕೋಥ್ರೂಡ್ ಜಗುಲಿ

ತೋರಣ ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಕಾರ್ಲಾ ಗುಹೆಗೆ ಹೋಗಿ ನೋಡಿ, ನಿಮಗೂ ನನಗೂ ಮಧ್ಯದ ದಾರಿಯಲ್ಲೇ ಇದೆ. ಅಲ್ಲಿನ ಚೈತ್ಯದ (ಬೌದ್ಧರ ಪ್ರಾರ್ಥನಾ ಗುಹೆ) ಬಾಗಿಲ ಬಳಿಯ ಶಾಸನದಲ್ಲಿ ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಗೃಹವನ್ನು ಮಾಡಿಸಿದ, ಇದು ಜಂಬೂದ್ವೀಪದಲ್ಲೇ ಉತ್ತಮ ಅಂತ ಇದೆ. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ವಿದ್ವಾಂಸರು ಗುರುತಿಸುತ್ತಾರೆ. ಸುಮಾರು 2,000 ವರ್ಷದ ಹಿಂದೆ ಬನವಾಸಿಯ ವ್ಯಾಪಾರಿ ಸಹ್ಯಾದ್ರಿಯ ಬಂಡೆಯಲ್ಲಿ ಒಂದು ಖಾಲಿ ಜಾಗ ಮಾಡಿಸಿಕೊಟ್ಟಿದ್ದಾನೆ. ಅದರ ಮೇಲೆ ಬನವಾಸಿಯ ಗುರುತು ಅಂತ ಏನನ್ನೂ ಅಂಟಿಸಿಲ್ಲ. ಊರಿನ ಹೆಸರು ಶಾಸನದಲ್ಲಿದೆ, ಸಾಕು. ಜಾಗ ಎಲ್ಲರದು.

ಓದುಮನೆಯಲ್ಲಿ ಕನ್ನಡ ಇರಬೇಕಾದ್ದು ಕಟ್ಟೆಯಲ್ಲಿ. ಬಾಗಿಲ ಹೊರಗೆ ಬೀದಿಗೆ ಮುಖ ಮಾಡಿ ಒಂದು ಜಗುಲಿ ಕೊಡಿ. ಬೆಳಗ್ಗೆ ಪೇಪರ್ ಓದುವವರು ಅಲ್ಲಿ ಕೂರಲಿ. ಮಾತು ತಾನಾಗಿ ಕನ್ನಡದಲ್ಲಿ ನಡೆಯುತ್ತದೆ.

ಗದಗಿನವಳೇ, ಈಗ ನಿಮ್ಮ ಎರಡನೇ ಪ್ರಶ್ನೆ. ಅಟ್ಮಾಸ್ಫಿಯರ್ ಕೊನೆಗೆ ಬಳಿಯುವ ಬಣ್ಣ ಅಲ್ಲ. ಆರ್ಕಿಟೆಕ್ಟ್ ಪೀಟರ್ ಜುಮ್ತೋರ್ ಜರ್ಮನಿಯ ಹೊಲವೊಂದರಲ್ಲಿ ಕಟ್ಟಿದ ಸಣ್ಣ ಪ್ರಾರ್ಥನಾ ಮಂದಿರ 2007ರಲ್ಲಿ ಮುಗಿಯಿತು. 112 ಮರದ ಕಾಂಡಗಳನ್ನು ಡೇರೆಯಂತೆ ನಿಲ್ಲಿಸಿ, ಸುತ್ತ ಕಾಂಕ್ರೀಟನ್ನು ಪದರ ಪದರವಾಗಿ ತುಂಬಿದರು. ಆಮೇಲೆ ಒಳಗಿನ ಮರಕ್ಕೆ ಬೆಂಕಿ ಹಾಕಿ ನಿಧಾನವಾಗಿ ಸುಟ್ಟು ತೆಗೆದರು. ಮರ ಇದ್ದ ಜಾಗವೇ ಈಗ ಒಳಗಿನ ಕೋಣೆ. ಗೋಡೆಯಲ್ಲಿ ಕಾಂಡದ ಅಚ್ಚು, ಮಸಿಯ ಕಪ್ಪು, ಮೇಲೆ ತೆರೆದ ಆಕಾಶ. ಆಕಾರ, ಖಾಲಿ, ವಾತಾವರಣ ಮೂರೂ ಒಂದೇ ಕೆಲಸದಿಂದ ಬಂದವು. ಬೇರೆ ಬೇರೆಯಾಗಿ ಮಾಡಿದ್ದಲ್ಲ.

ಅಷ್ಟು ದೂರ ಹೋಗಲಾಗದಿದ್ದರೆ ಇಲ್ಲೇ ಪುಣೆಯ ಗಣೇಶಖಿಂಡದ ಅಯೂಕಾ (ಖಗೋಳ ವಿಜ್ಞಾನ ಸಂಸ್ಥೆ) ನೋಡಿ. ಅದೂ ಕೊರಿಯಾ ಅವರದೇ. ನಡುವೆ ಮೆಟ್ಟಿಲಿನ ಕುಂಡ. ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಮೂರ್ತಿಗಳು ಅಲ್ಲಿ ನಮ್ಮ ಹಾಗೆ ಹೊರಗೆ ಬಿಸಿಲಲ್ಲೇ ಇವೆ. ಗೋಡೆಯಲ್ಲಿ ಊರಿನ ಬಸಾಲ್ಟ್, ಅದರ ಮೇಲೆ ಇನ್ನೂ ಕಪ್ಪಾದ ಕಡಪ ಕಲ್ಲು, ಅದರ ಮೇಲೆ ಪಾಲಿಶ್ ಮಾಡಿದ ಕರಿ ಗ್ರಾನೈಟ್. ಮೇಲಕ್ಕೆ ಹೋದಂತೆ ಕಪ್ಪು ಗಾಢವಾಗುತ್ತದೆ, ಕೊನೆಯ ಕಲ್ಲಿನಲ್ಲಿ ಆಕಾಶವೇ ಕಾಣುತ್ತದೆ. ಖಗೋಳ ವಿಜ್ಞಾನಿಗಳ ಮನೆಗೆ ತಕ್ಕ ಕಲ್ಲು.

ನಿಮ್ಮ ಗೋಡೆಗೆ ಸುಣ್ಣ ಸರಿ. ಸುಣ್ಣದ ಗೋಡೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ವಾಪಸ್ ಕೊಡುತ್ತದೆ. ನೆಲಕ್ಕೆ ಬಸಾಲ್ಟ್ ಹಾಕಿ. ಅದು ಬೆಳಕನ್ನು ನುಂಗುತ್ತದೆ. ಮೇಲೆ ಬೆಳಗು, ಕೆಳಗೆ ತಂಪು. ಓದುವ ಮೇಜಿನ ಮೇಲೆ ಸುಮಾರು 300 ಲಕ್ಸ್ (ಬೆಳಕಿನ ಅಳತೆ) ಬರುವಂತೆ ನೋಡಿಕೊಳ್ಳಿ. ಉಳಿದ ಕಡೆ ಅಷ್ಟು ಬೇಕಿಲ್ಲ. ಎಲ್ಲ ಕಡೆ ಒಂದೇ ಸಮ ಬೆಳಕು ಇರುವ ಕೋಣೆಗೆ ವಾತಾವರಣ ಇರುವುದಿಲ್ಲ.

ನಾದಪ್ರಿಯ

ಜ್ಯೂರಿಯ ಮೂರನೇ ಪ್ರಶ್ನೆಯನ್ನು ಎಲ್ಲರೂ ಬಿಟ್ಟುಬಿಟ್ಟಿರಿ. ಏನು ಕೇಳಿಸುತ್ತದೆ? ನಾನು ಸೌಂಡ್ ಕೆಲಸ ಮಾಡುವವನು. ಗಮಕದ ಮೇಲೆ ಪ್ರೀತಿ ಇರುವವನು. ಅದರಲ್ಲೂ ನೀವು ಗದಗಿನವರು, ಕುಮಾರವ್ಯಾಸನ ಊರಿನವರು. ಪದ ಸ್ಪಷ್ಟ ಕೇಳಿಸದ ಹಾಲ್ ಮಾಡಿದರೆ ಹೇಗೆ?

ನಿಮ್ಮ ಸಣ್ಣ ಹಾಲ್ 8 ಮೀಟರ್ ಉದ್ದ, 6 ಅಗಲ, 4.5 ಎತ್ತರ ಅಂತಿಟ್ಟುಕೊಳ್ಳೋಣ. ಒಳಗಿನ ಗಾಳಿ 216 ಘನ ಮೀಟರ್. ಗೋಡೆ, ನೆಲ, ಸೂರು ಸೇರಿ 222 ಚದರ ಮೀಟರ್. ಎಲ್ಲವೂ ಕಲ್ಲು, ಗಾರೆ. ಅಂಥ ಮೈ ದನಿಯನ್ನು ಶೇಕಡಾ 3ರಷ್ಟು ಮಾತ್ರ ಹೀರುತ್ತದೆ. ದನಿ ಅಡಗಲು ಎಷ್ಟು ಹೊತ್ತು ಬೇಕು ಅಂತ ಹೇಳುವ ಸಬೈನ್ ಸೂತ್ರ ಹಾಕಿ: 0.161 ಗುಣಿಸು 216, ಭಾಗಿಸು 6.7 (222ರ ಶೇಕಡಾ 3). ಸುಮಾರು 5 ಸೆಕೆಂಡ್ ಅನುರಣನ, ಅಂದರೆ ದನಿ ಅಡಗದೆ ಉಳಿಯುವುದು, ಎಳೆಯುತ್ತದೆ. ಭಾಮಿನಿ ಷಟ್ಪದಿಯ ಒಂದು ಸಾಲು ಮುಗಿಯುವ ಮುಂಚೆ ಹಿಂದಿನ ಸಾಲು ಇನ್ನೂ ಹಾಲಿನಲ್ಲೇ ಓಡಾಡುತ್ತಿರುತ್ತದೆ. ಮಾತಿಗೆ ಬೇಕಾದ್ದು 1 ಸೆಕೆಂಡ್ ಆಸುಪಾಸು.

40 ಜನ ಕೂತರೆ ಒಬ್ಬೊಬ್ಬರೂ, ದನಿಯನ್ನು ಪೂರ್ತಿ ಹೀರುವ ಅರ್ಧ ಚದರ ಮೀಟರ್ ಮೈಗಿಂತ ಸ್ವಲ್ಪ ಕಡಿಮೆ ಹೀರುತ್ತಾರೆ. ಆಗ 1.4 ಸೆಕೆಂಡಿಗೆ ಇಳಿಯುತ್ತದೆ. ಇನ್ನೂ 10 ಚದರ ಮೀಟರಿನಷ್ಟು ಹೀರುವ ವಸ್ತು ಬೇಕು. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ತುಂಬಿಸಿ. ಮತ್ತೆ ನಮ್ಮ ಕಡೆಯ ಕರಿ ಕಂಬಳಿ ಇದೆಯಲ್ಲ, ಕುರುಬರು ನೇಯುವ ದಪ್ಪ ಉಣ್ಣೆಯದು, ಅದನ್ನು ಗೋಡೆಯಿಂದ ಒಂದು ಗೇಣು ಬಿಟ್ಟು ತೂಗುಹಾಕಿ. ಹಿಂದೆ ಗಾಳಿ ಇದ್ದರೆ ಗೋಡೆಗೆ ಅಂಟಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಳ ಬೇರೆ. ಅಲ್ಲಿ ಸ್ವಲ್ಪ ಅನುರಣನ ಇರಲಿ. ಹೆಜ್ಜೆ ಸಪ್ಪಳ ಕೇಳಿದರೆ ಜಾಗಕ್ಕೆ ಗೋಡೆ ಇದೆ ಅಂತ ಕಿವಿಗೂ ಗೊತ್ತಾಗುತ್ತದೆ.

ಬೆಳಗಾವಿ ಜೂನಿಯರ್

ಅಕ್ಕಾ, ನಾನು ಎರಡನೇ ವರ್ಷ. ನಮಗೆ ಸ್ಟುಡಿಯೋದಲ್ಲಿ ಖಾಲಿಯ ಮಾಡೆಲ್ ಮಾಡಿಸಿದ್ದರು, ನಿಮಗೆ ಉಪಯೋಗ ಆಗಬಹುದು. ಸನ್‌ಬೋರ್ಡಿನಲ್ಲಿ (ಮಾಡೆಲ್ ಮಾಡುವ ಹಗುರ ಫೋಮ್ ಹಲಗೆ) 1:100 ಕಟ್ಟಡ ಮಾಡಿ. ಒಳಮೈಗೆಲ್ಲ ವ್ಯಾಸಲೀನ್ ತೆಳುವಾಗಿ ಹಚ್ಚಿ. ಸಂದುಗಳನ್ನು ಟೇಪಿನಿಂದ ಮುಚ್ಚಿ. ದಿಂಡಿಯ ದಾರಿ, ಅಂಗಳ, ಗೂಡು ಎಲ್ಲ ಖಾಲಿ ಇರುವ ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಿದರೆ ಗಂಟಾಗುತ್ತದೆ. ಗುಳ್ಳೆ ಹೋಗಲು ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಗಟ್ಟಿಯಾದ ಮೇಲೆ ಬೋರ್ಡ್ ಬಿಡಿಸಿ ತೆಗೆಯಿರಿ. ಕೈಗೆ ಬರುವುದು ಕಟ್ಟಡ ಅಲ್ಲ, ಅದರ ಖಾಲಿ. ಎಲ್ಲಿ ತೀರಾ ತೆಳುವಾಗಿದೆಯೋ ಅಲ್ಲಿ ಮುರಿಯುತ್ತದೆ. ನನ್ನದು ಪ್ಯಾಸೇಜ್ ಹತ್ತಿರ ಮುರಿಯಿತು, ಆ ಪ್ಯಾಸೇಜ್ ನಿಜವಾಗಿಯೂ ಇಕ್ಕಟ್ಟಾಗಿತ್ತು. ರೇಚಲ್ ವೈಟ್‌ರೀಡ್ ಅನ್ನುವ ಕಲಾವಿದೆ 1993ರಲ್ಲಿ ಲಂಡನ್ನಿನ ಒಂದು ಇಡೀ ಮನೆಯ ಒಳಗನ್ನು ಹೀಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ದಿದ್ದರು. ಸಾಮಾನೆಲ್ಲ ಅಪ್ಪಾ ಬಳವಂತ ಚೌಕದಲ್ಲೇ ಸಿಗುತ್ತದೆ.

ಚಕ್ರದ ಮೇಲೆ

ನಾನು ವ್ಹೀಲ್‌ಚೇರ್ ಬಳಸುತ್ತೇನೆ. ಮುಸುಕಿನ ಬಾವಿ, ಪಾತಾಳೇಶ್ವರ, ದಿಂಡಿ ಬಾಗಿಲು, ಇಲ್ಲಿ ಎಲ್ಲರೂ ಹೊಗಳಿದ ಜಾಗಗಳೆಲ್ಲ ಇಳಿಯುವವು, ದಾಟುವವು. ನಿಮ್ಮ ಅಂಗಳವನ್ನು ಎಷ್ಟು ತಗ್ಗಿಸಿದ್ದೀರಿ?

ಗದಗಿನವಳು

ಕೇಳಿದ್ದು ಒಳ್ಳೆಯದಾಯಿತು. ಈಗಿನ ಸೆಕ್ಷನ್ನಿನಲ್ಲಿ 900 ಮಿಲಿಮೀಟರ್ ತಗ್ಗು. 1:12 ರ‍್ಯಾಂಪ್ ಹಾಕಿದರೆ 10.8 ಮೀಟರ್ ಉದ್ದ ಬೇಕು. ಸೈಟಿನ ಇಡೀ ಅಗಲ. 450ಕ್ಕೆ ಇಳಿಸಿದರೆ 5.4 ಮೀಟರ್, ಅಂಗಳದ ಪಕ್ಕಕ್ಕೆ ಹೊಂದುತ್ತದೆ. ಆದರೆ ಇಳಿಯುವ ಅನುಭವ ನನಗೆ ಬಹಳ ಬೇಕು. ಒಳಗೆ ಹೋಗುವಾಗ ಬೀದಿಯ ಗದ್ದಲ ತಲೆಯ ಮೇಲೆ ಉಳಿಯಬೇಕು. ಎರಡೂ ಆಗುವ ದಾರಿ ಇದೆಯಾ?

ವಿಜಾಪುರ ಕಾಂಟ್ರಾಕ್ಟರ್

ಇದೆ. ಅಂಗಳವನ್ನು ಇಳಿಸಬೇಡಿ, ಮನೆಯನ್ನು ಏರಿಸಿ. ಅಂಗಳ ರಸ್ತೆಯ ಮಟ್ಟದಲ್ಲೇ ಇರಲಿ. ಓದುವ ಕೋಣೆ, ಹಾಲ್ ಎರಡರ ಜೋತವನ್ನೂ (ಕಟ್ಟಡದ ಕೆಳಗಿನ ಪೀಠ) 450 ಎತ್ತರಿಸಿ, ಕರಿ ಕಲ್ಲಿನಲ್ಲಿ. ಹಳೆಯ ವಾಡೆಗಳ ಜೋತ ಹಾಗೆಯೇ ಇರುತ್ತಿತ್ತು. ರಸ್ತೆಯಿಂದ ಗಾಲಿ ಸೀದಾ ಅಂಗಳಕ್ಕೆ ಬರುತ್ತದೆ. ಅಲ್ಲಿಂದ 5.4 ಮೀಟರ್ ರ‍್ಯಾಂಪಿನಲ್ಲಿ ಮೇಲಕ್ಕೆ. ಕೋಣೆಯಿಂದ ಅಂಗಳಕ್ಕೆ ಬರುವವರಿಗೆಲ್ಲ ಇಳಿದ ಹಾಗೆಯೇ ಇರುತ್ತದೆ. ಮಳೆ ಬಂದರೆ ಪುಸ್ತಕಕ್ಕೆ ನೀರು ತಾಗುವುದಿಲ್ಲ.

ಬೀದಿ ಗದ್ದಲಕ್ಕೆ ದಿಂಡಿಯ ಹಿಂದಿನ ಆ ಕತ್ತಲೆ ದಾರಿ ಇದೆಯಲ್ಲ, ಅದನ್ನು ನೇರ ಮಾಡಬೇಡಿ, ಒಂದು ತಿರುವು ಕೊಡಿ. ಅಗಲ ಮಾತ್ರ ಒಂದೂವರೆ ಮೀಟರ್ ಇರಲಿ. ಹೊಸ್ತಿಲು ಬೇಡ.

ಮೊದಲು ನಾನು ಜಾಗ ವ್ಯರ್ಥ ಅಂತ ಹೇಳಿದ್ದೆ. ಕತ್ತಲೆ ಕೋಣೆಯ ಲೆಕ್ಕ ಕೇಳಿದ ಮೇಲೆ ಅಂಗಳ ಇರಲಿ ಅಂತಲೇ ನನ್ನ ಮಾತು.

ಚಕ್ರದ ಮೇಲೆ

ಇದು ನನಗೆ ಒಪ್ಪಿಗೆ. ರ‍್ಯಾಂಪನ್ನು ಹಿಂದಿನ ಮೂಲೆಗೆ ತಳ್ಳಬೇಡಿ. ಆ ಸುಣ್ಣದ ಗೋಡೆಯ ಕೆಳಗೇ ಬರಲಿ. ಎಲ್ಲರೂ ಅದರಲ್ಲೇ ಓಡಾಡಲಿ. ಮತ್ತೆ ವಾಡೆಯ ಸೊಸೆ ಅಮ್ಮನ ಗೂಡುಗಳಲ್ಲಿ ಒಂದಾದರೂ ಗಾಲಿ ಒಳಗೆ ಹೋಗುವಷ್ಟು ಅಗಲ, ಆಳ ಇರಲಿ. ಕಾಣದೆ ಕೂತು ಓದುವ ಆಸೆ ನನಗೂ ಇದೆ.

ಗದಗಿನವಳು

ಒಂದು ಗೂಡನ್ನು 900 ಅಗಲ, 1,200 ಆಳ ಮಾಡುತ್ತೇನೆ. ಅದರ ಹಿಂದೆ ಮೆಟ್ಟಿಲಿನ ಕೆಳಗಿನ ಜಾಗ ಇದೆ, ಆಳ ಸಿಗುತ್ತದೆ. ರ‍್ಯಾಂಪ್ ಈಗ ಅಂಗಳದ ಅಂಚಿನಿಂದ ಹೊರಟು ಓಸರಿಗೆ ಸೇರುತ್ತದೆ. ರ‍್ಯಾಂಪಿನ ಪಕ್ಕದ ಕಲ್ಲನ್ನೇ ಕೂರುವ ಕಟ್ಟೆ ಮಾಡಿದ್ದೇನೆ. ಒಂದು ತುದಿಯಲ್ಲಿ ನೆಲದಷ್ಟೇ, ಇನ್ನೊಂದು ತುದಿಯಲ್ಲಿ 450 ಎತ್ತರ. ಮಕ್ಕಳು ತಗ್ಗಿನ ಕಡೆ, ದೊಡ್ಡವರು ಎತ್ತರದ ಕಡೆ ಕೂರಬಹುದು. ಕಂಬಳಿಯ ಸ್ಯಾಂಪಲ್ ಊರಿಂದ ತರಿಸುತ್ತಿದ್ದೇನೆ. ಪ್ಲಾಸ್ಟರ್ ಮಾಡೆಲಿಗೆ ಬೋರ್ಡ್ ಕತ್ತರಿಸಿ ಆಗಿದೆ.

ಕಾಂಟ್ರಾಕ್ಟರ್ ಅಣ್ಣ, ಒಂದೇ ಒಂದು ಉಳಿದಿದೆ. ಅಂಗಳ ರಸ್ತೆಯ ಮಟ್ಟದಲ್ಲೇ ಇದ್ದರೆ ಆ 5,000 ಲೀಟರ್ ನೀರು ಯಾವ ಕಡೆಗೆ?

ವಿಜಾಪುರ ಕಾಂಟ್ರಾಕ್ಟರ್

ಮೊದಲು ರಸ್ತೆಯ ಚರಂಡಿ ಚೇಂಬರಿನ ಮುಚ್ಚಳ ತೆಗೆಸಿ ಅದರ ತಳ ಎಷ್ಟು ಆಳದಲ್ಲಿದೆ ಅಳೆಯಿರಿ. ಹಿಂದಿನ ಗಲ್ಲಿಯದ್ದೂ ಅಳೆಯಿರಿ. ಯಾವುದು ಆಳವೋ ಆ ಕಡೆಗೆ ಪೈಪ್. ಅಂಗಳದ ನೆಲಕ್ಕೆ 1:100 ಇಳಿಜಾರು ಸಾಕು, 5 ಮೀಟರಿಗೆ 50 ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ, ಗಾಲಿಗೂ ತೊಂದರೆ ಇಲ್ಲ. ಇಳಿಜಾರನ್ನು ನಡುವಿಗೆ ಕೊಡಬೇಡಿ, ನಡುವಿನ ಜಾಲರಿಯಲ್ಲಿ ಎಲೆ ಕಟ್ಟುತ್ತದೆ, ಚಕ್ರವೂ ಸಿಕ್ಕಿಕೊಳ್ಳುತ್ತದೆ. ದಕ್ಷಿಣದ ಗೋಡೆಯ ಬುಡಕ್ಕೆ ಕೊಡಿ, ಅಲ್ಲಿ ಉದ್ದಕ್ಕೂ ಕಲ್ಲಿನ ಮೋರಿ ಮಾಡಿ. ಚೇಂಬರನ್ನು ಕಟ್ಟಡದ ಕೆಳಗೆ ಹೂಳಬೇಡಿ, ಅಂಗಳದಲ್ಲೇ ಇರಲಿ, ಮೇಲಿನ ಕಲ್ಲು ಎತ್ತಲು ಬರುವಂತಿರಲಿ. ಪೈಪ್ ಎರಡು ಹಾಕಿ, ಒಂದು ಕಟ್ಟಿದರೆ ಇನ್ನೊಂದಿದೆ. ಲೆವೆಲ್ ಅಳೆದು ಇಲ್ಲಿ ಹಾಕಿ, ಪೈಪಿನ ಸೈಜ್ ನಾನು ಹೇಳುತ್ತೇನೆ.